ಕಡಲಿಲ್ಲದ ಊರಿನ ಕ್ರೂಸರು

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಹತ್ತಿರದ ದೊಡ್ಡ ನೀರೆಂದರೆ ಕನ್ನಂಬಾಡಿ. ಆದರೂ ಈ ಊರಿನ ಹೆಸರು ಹೊತ್ತ ಎರಡು ಯುದ್ಧನೌಕೆಗಳು ನಮ್ಮ ನೌಕಾಪಡೆಯಲ್ಲಿ ಆಗಿವೆ. ಮೊದಲನೆಯದು ಬ್ರಿಟಿಷರ ‘ನೈಜೀರಿಯಾ’ ಎಂಬ ಕ್ರೂಸರು. ಅದು 1957ರಲ್ಲಿ ಐಎನ್‌ಎಸ್ ಮೈಸೂರು ಆಗಿ, 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಮುಂದಾಳಾಗಿ, 1985ರಲ್ಲಿ ನಿವೃತ್ತವಾಯಿತು. ಎರಡನೆಯದು 1999ರಲ್ಲಿ ಸೇವೆಗೆ ಸೇರಿದ ಡೆಸ್ಟ್ರಾಯರ್. ಹೀಗಿರುವಾಗ, ಯಾವ ಬಂದರಿನಲ್ಲೂ ಹುಟ್ಟದ, ಬರೀ ಕಲ್ಪನೆಯ ಮೂರನೆಯದೊಂದರ ಪುಟ್ಟ ಮಾದರಿಯನ್ನು ಊಟದ ಮೇಜಿನ ಮೇಲೆ ಕಟ್ಟಲು ಕೂತವರನ್ನು ತೀರಾ ತಿಕ್ಕಲು ಎನ್ನುವಂತಿಲ್ಲ.

ನಿಜವಾಗಿ ಇದ್ದ ಹಡಗಿನ ಮಾದರಿ ಮಾಡುವವರಿಗೆ ಒಂದು ಸೌಕರ್ಯವುಂಟು. ಏನೇ ವಿಚಿತ್ರವಿದ್ದರೂ ಫೋಟೊ ತೋರಿಸಿ ಕೇಳುವವರ ಬಾಯಿ ಮುಚ್ಚಿಸಬಹುದು. 1906ರ ಬ್ರಿಟಿಷ್ ಯುದ್ಧನೌಕೆ ಡ್ರೆಡ್‌ನಾಟ್‌ನಲ್ಲಿ ಗುರಿ ನೋಡುವವನ ಕಂಬವನ್ನು ಮುಂದಿನ ಹೊಗೆಕೊಳವೆಯ ಬೆನ್ನಿಗೇ ನಿಲ್ಲಿಸಿದ್ದರು. ಮೇಲೆ ಕೂತವನಿಗೆ ಹೊಗೆಯೂ ಬಿಸಿಯೂ ಉಚಿತ. ಜಪಾನಿನ ಯುದ್ಧನೌಕೆ ಫುಸೊದ ಮೂರನೇ ಟರೆಟ್ಟು, ಅಂದರೆ ಫಿರಂಗಿ ಹೊತ್ತು ತಿರುಗುವ ಗೂಡು, ಮುಂದಕ್ಕೆ ಮುಖ ಮಾಡಿತ್ತು, ಅದರ ಜೊತೆಯ ಯಾಮಾಶಿರೊದ್ದು ಹಿಂದಕ್ಕೆ. ಕಲ್ಪನೆಯ ಹಡಗಿಗೆ ಇಂಥ ರಿಯಾಯಿತಿ ಇಲ್ಲ. ಈ ಬಾಗಿಲಿನಿಂದ ಹೊರಬಂದವನು ಯಾವ ಏಣಿ ಹತ್ತುತ್ತಾನೆ? ಟರೆಟ್ಟು ತಿರುಗಿದರೆ ನಳಿಗೆ ದೋಣಿಗೆ ಬಡಿಯುವುದಿಲ್ಲವೆ? ಆ ದೋಣಿಯನ್ನು ನೀರಿಗಿಳಿಸುವ ಕ್ರೇನ್ ಎಲ್ಲಿ? ಎಲ್ಲಕ್ಕೂ ಉತ್ತರ ಸಿದ್ಧವಿರಬೇಕು. ಹೊಸಬರು ಫಿರಂಗಿ ಪೇರಿಸುತ್ತಾರೆ, ಲಂಗರು ಮರೆಯುತ್ತಾರೆ. ಪೇರಿಸುವ ಚಪಲ ಓದಿದ ಎಂಜಿನಿಯರುಗಳನ್ನೂ ಬಿಟ್ಟಿಲ್ಲವೆನ್ನಿ. ಜಪಾನಿನ ಟೊಮೊಜುರು ಎಂಬ ಟಾರ್ಪಿಡೊ ನೌಕೆ 1934ರ ಮಾರ್ಚಿನಲ್ಲಿ ಮಗುಚಿಕೊಂಡದ್ದು ಮೇಲ್ಭಾರದಿಂದಲೇ.

ಆದ್ದರಿಂದ ಕತ್ತರಿಗಿಂತ ಮೊದಲು ಪೆನ್ಸಿಲ್ಲು. 1:700 ಅಳತೆಯಲ್ಲಿ ಒಂದು ಮಿಲಿಮೀಟರ್ ಎಂದರೆ 70 ಸೆಂಟಿಮೀಟರ್. 200 ಮೀಟರ್ ಉದ್ದ, 20.5 ಮೀಟರ್ ಅಗಲದ ಕ್ರೂಸರು 286 ಮಿ.ಮೀ. ಉದ್ದ, 29 ಮಿ.ಮೀ. ಅಗಲಕ್ಕೆ ಇಳಿಯುತ್ತದೆ. ನೀರೊಳಗಿನ ಆಳ 6.5 ಮೀಟರ್ ಎಂದುಕೊಳ್ಳಿ. ಉದ್ದ, ಅಗಲ, ಆಳ ಗುಣಿಸಿ, ಒಡಲಿನ ತುದಿಗಳು ಚೂಪಾಗಿರುವುದಕ್ಕೆ ಅರ್ಧ ಕಳೆದು, ಉಪ್ಪುನೀರಿನ 1.025ರಿಂದ ಗುಣಿಸಿದರೆ ಹಡಗಿನ ತೂಕ ಸುಮಾರು 13,700 ಟನ್. ಅಮೆರಿಕದ ಯುದ್ಧನೌಕೆ ಅಯೋವಾದ, 16 ಇಂಚು ಬಾಯಿಯ ಮೂರು ನಳಿಗೆಯ ಒಂದೇ ಟರೆಟ್ಟು ಸುಮಾರು 1,700 ಟನ್ ತೂಗುತ್ತದೆ. ಅಂಥ ಮೂರನ್ನು ಈ ಒಡಲಿನ ಮೇಲೆ ಕೂರಿಸಿದರೆ ಎಂಜಿನ್ನಿಗೂ ಕವಚಕ್ಕೂ ಜಾಗ ಉಳಿಯುವುದಿಲ್ಲ. 8 ಇಂಚಿನವು ಸಾಕು. ಬೇಜಾರಿನ ಲೆಕ್ಕವೇ, ಆದರೆ ಹಡಗಿನ ಮುಖಕ್ಕೆ ಕಳೆ ಬರುವುದು ಇದರಿಂದ.

ಒಡಲಿಗೆ ಎರಡು ದಾರಿ. ಬೋರ್ಡು ಮಾಡುವ ಅಂಗಡಿಯ ಕಸದಲ್ಲಿ ಸಿಗುವ 5 ಮಿ.ಮೀ. ದಪ್ಪದ ಫೋಮ್ ಹಲಗೆ, ಸನ್‌ಬೋರ್ಡಿನ ಎರಡು ಪದರ ಅಂಟಿಸಿದರೆ ನೀರಿನ ಮೇಲೆ ಏಳು ಮೀಟರ್ ಎತ್ತರ ಸಿಕ್ಕಿತು. ಮುಂಗೋಟು, ಅಂದರೆ ಹಡಗಿನ ಮೂತಿ, ತೀಡಲು 120ರ ಉಪ್ಪುಕಾಗದ, ಆಮೇಲೆ 320, 600. ಸನ್‌ಬೋರ್ಡಿನ ಅಂಚಿನ ಸಣ್ಣ ತೂತುಗಳು ಬಣ್ಣದಲ್ಲಿ ಮುಚ್ಚುವುದಿಲ್ಲ. ಕಾರಿನ ಡೆಂಟಿಗೆ ಹಾಕುವ ಪುಟ್ಟಿಯನ್ನು ಎರಡು ತೆಳು ಕೈ ಹಚ್ಚಬೇಕು. ಒಂದೇ ಸಲ ದಪ್ಪ ಬಳಿದರೆ ಒಣಗುತ್ತ ಕುಗ್ಗಿ ಬಿರುಕು ಬಿಡುತ್ತದೆ.

ಇನ್ನೊಂದು ದಾರಿ, ದ್ರವ ರೆಸಿನ್ನನ್ನು ಬೆಳಕಿನಿಂದ ಪದರ ಪದರವಾಗಿ ಗಟ್ಟಿಮಾಡಿ ವಸ್ತು ಕಟ್ಟುವ ರೆಸಿನ್ ಪ್ರಿಂಟರ್. ಸಣ್ಣ ಪ್ರಿಂಟರಿನಲ್ಲಿ ಇಷ್ಟುದ್ದದ ಒಡಲು ಹಿಡಿಸದು, ಮೂರು ತುಂಡು ಮಾಡಬೇಕು. ತುಂಡು ಕೂಡುವ ಗೆರೆ ಟರೆಟ್ಟಿನ ಬುಡದಲ್ಲೋ ಅಲೆತಡೆಯ ಗೋಡೆಯ ಕೆಳಗೋ ಬರುವಂತೆ ನೋಡಿಕೊಂಡರೆ ಅರ್ಧ ಪುಟ್ಟಿ ಉಳಿಯುತ್ತದೆ. ತುಂಡನ್ನು ತಟ್ಟೆಗೆ ಸಮತಲವಾಗಿ ಇಟ್ಟರೆ ಪ್ರತಿ ಪದರವೂ ತಳದ ಹಾಳೆಗೆ ಗಟ್ಟಿಯಾಗಿ ಕಚ್ಚಿಕೊಂಡು, ಎತ್ತುವಾಗ ಹರಿಯುತ್ತದೆ. 30ರಿಂದ 45 ಡಿಗ್ರಿ ಓರೆ ಬೇಕು. ಟೊಳ್ಳು ಒಡಲಿಗೆ ತಳದಲ್ಲಿ ಎರಡು ತೂತು ಬಿಡದಿದ್ದರೆ ಒಳಗೆ ಉಳಿದ ಹಸಿ ರೆಸಿನ್ ತಿಂಗಳ ಮೇಲೆ ಗೋಡೆ ಸೀಳಿ ಒಸರುತ್ತದೆ. ಆಲ್ಕೋಹಾಲಿನಲ್ಲಿ ತೊಳೆದದ್ದು ಪೂರ್ತಿ ಆರುವ ಮೊದಲೇ ನೇರಳೆ ದೀಪದಡಿ ಇಟ್ಟರಂತೂ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಸೊಟ್ಟಗಾದದ್ದನ್ನು ಕೈ ಸುಡುವಷ್ಟು ಬಿಸಿನೀರಿನಲ್ಲಿ ಅದ್ದಿ, ಗಾಜಿನ ಮೇಲೆ ಒತ್ತಿ ತಣಿಸಿದರೆ ಬಹುಮಟ್ಟಿಗೆ ನೆಟ್ಟಗಾದೀತು. ಇಲ್ಲಿಯ ಡಿಸೆಂಬರ್ ಬೆಳಗುಗಳಲ್ಲಿ ರೆಸಿನ್ ಮಂದವಾಗುವುದರಿಂದ ಪ್ರಿಂಟು ಕೈಕೊಡುವುದು ಹೆಚ್ಚು. ಬಾಟಲಿಯನ್ನು ಸ್ವಲ್ಪ ಹೊತ್ತು ಬಿಸಿಲಿನ ಹತ್ತಿರವಲ್ಲ, ಉಗುರುಬೆಚ್ಚಗಿನ ನೀರಿನಲ್ಲಿಡಿ. ಬಿಸಿಲಿಗಿಟ್ಟರೆ ಬಾಟಲಿಯೊಳಗೇ ಕಲ್ಲಾದೀತು.

ಮೇಲಿನ ಸರಂಜಾಮಿಗೆ ಉಳಿಕೆಯ ಡಬ್ಬಿ. ಜಪಾನಿನ ಶಿಜುವೊಕಾದ ಕಂಪನಿಗಳು 1971ರಲ್ಲಿ ಶುರುಮಾಡಿದ, ನೀರಿನ ಮೇಲಿನ ಭಾಗವಷ್ಟೇ ಇರುವ ವಾಟರ್‌ಲೈನ್ ಕಿಟ್ಟುಗಳಲ್ಲಿ ಸಣ್ಣ ಫಿರಂಗಿ, ದೋಣಿ, ವಿಮಾನಗಳ ಹೆಚ್ಚುವರಿ ಚೌಕಟ್ಟು ಇರುತ್ತಿತ್ತು, ಹಡಗು ಮುಗಿದರೂ ಭಾಗಗಳು ಮಿಗುತ್ತವೆ. 1:720ರ ಭಾಗ ಬೆರೆಸಿದರೆ ವ್ಯತ್ಯಾಸ ಮೂರು ಪರ್ಸೆಂಟಿಗಿಂತ ಕಡಿಮೆ, ಯಾರ ಕಣ್ಣಿಗೂ ಬೀಳದು. 1:600ರದು ಹದಿನೇಳು ಪರ್ಸೆಂಟ್ ದೊಡ್ಡದು. ದೋಣಿಯಾದರೆ ನಡೆಯುತ್ತದೆ, ಬಾಗಿಲು, ಏಣಿ ನಡೆಯುವುದಿಲ್ಲ, ಏಕೆಂದರೆ ಮನುಷ್ಯ ಇಲ್ಲಿ ಎರಡೂವರೆ ಮಿಲಿಮೀಟರ್ ಮೀರುವಂತಿಲ್ಲ. ಒಂದೇ ಡೆಕ್ಕಿನ ಮೇಲೆ ಜಪಾನಿ ಫಿರಂಗಿ, ಅಮೆರಿಕದ ರೇಡಾರ್ ಕೂತರೆ ಅದಕ್ಕೊಂದು ಚರಿತ್ರೆ ಬರೆದಿಡಬೇಕಾಗುತ್ತದೆ: ಇಂಥ ವರ್ಷ ಕೊಂಡದ್ದು, ಇಂಥ ವರ್ಷ ರಿಪೇರಿಗೆ ಹೋದದ್ದು. ಕೊಂಡ ಹಡಗು ಎಂದರೆ ಎಲ್ಲ ಬೆರಕೆಯೂ ಸಲ್ಲುತ್ತದೆ. ಐಎನ್‌ಎಸ್ ಮೈಸೂರಿಗಿಂತ ಒಳ್ಳೆಯ ಪೂರ್ವನಿದರ್ಶನ ಬೇಕೆ?

ಉಳಿದದ್ದು ಊರಲ್ಲೇ ಸಿಗುತ್ತದೆ. ಮೆಡಿಕಲ್ ಸ್ಟೋರಿನ 26 ಗೇಜಿನ ಹೊಸ ಸೂಜಿಯ ಹೊರವ್ಯಾಸ 0.46 ಮಿ.ಮೀ., 8 ಇಂಚಿನ ನಳಿಗೆಗೆ ಹೇಳಿಮಾಡಿಸಿದಂತಿದೆ. ಒಳಗೆ ತೂತೂ ಇರುತ್ತದೆ. ಕಟಿಂಗ್ ಪ್ಲೈಯರಿನಲ್ಲಿ ಕತ್ತರಿಸಿದರೆ ಬಾಯಿ ಮುಚ್ಚಿಹೋಗುತ್ತದೆ, ಸಣ್ಣ ಅರದಿಂದ ಸುತ್ತ ಗೀರಿ ಮುರಿಯಬೇಕು. ಎಲೆಕ್ಟ್ರಿಷಿಯನ್ ಬಿಸಾಡಿದ ವೈರಿನ ಒಂದು ತಾಮ್ರದ ಎಳೆ 0.3 ಮಿ.ಮೀ., ಅಂದರೆ 21 ಸೆಂಟಿಮೀಟರ್: ಸಣ್ಣ ಕಂಬ, ಕ್ರೇನಿನ ತೋಳು, ಪೈಪು ಎಲ್ಲಕ್ಕೂ ಆದೀತು. ಅವಧಿ ಮುಗಿದ ಎಟಿಎಂ ಕಾರ್ಡು 0.76 ಮಿ.ಮೀ. ದಪ್ಪ, ಟರೆಟ್ಟಿನ ಬುಡಕ್ಕೆ ಚೆನ್ನು. ಪ್ಲಾಸ್ಟಿಕ್ ಕಿಟ್ಟಿನ ಅಂಟು ಕಿಟ್ಟಿನ ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವಂಥದು; ರೆಸಿನ್ನಿಗೂ ತಾಮ್ರಕ್ಕೂ ಅದು ಹಿಡಿಯದು, ಅಲ್ಲಿ ಫೆವಿಕ್ವಿಕ್ ಬೇಕು. ಟರೆಟ್ಟು ತಿರುಗುವ ಮೊಳೆಗೆ ಊದುಬತ್ತಿಯ ಬಿದಿರುಕಡ್ಡಿ. ಮೈಸೂರಿನಲ್ಲಿ ಅದಕ್ಕೆ ಬರವಿಲ್ಲ. ಕಂಬದಿಂದ ಕಂಬಕ್ಕೆ ಎಳೆಯುವ ತಂತಿಗೆ ಕಿಟ್ಟಿನ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಸ್ಪ್ರೂ ಕಡ್ಡಿಯನ್ನು ದೀಪದ ಮೇಲೆ ಮೆತ್ತಗಾಗಿಸಿ, ಉರಿಯಿಂದ ಆಚೆ ತಂದು ಎಳೆಯುತ್ತಾರೆ. ಉರಿಯಲ್ಲೇ ಎಳೆದರೆ ತುಂಡಾಗುತ್ತದೆ. ಬಾಚಣಿಗೆಯ ಕೂದಲೂ ಆಗುತ್ತದೆ, ಆದರೆ ಮನೆಯವರಿಗೆ ಹೇಳುವ ಅಗತ್ಯವಿಲ್ಲ.

ಬೂದು ಪ್ಲಾಸ್ಟಿಕ್ಕು, ಬಿಳಿ ಸನ್‌ಬೋರ್ಡು, ಹಸಿರು ರೆಸಿನ್, ಬ್ಯಾಂಕಿನ ಹೆಸರಿರುವ ಕಾರ್ಡು, ಇವೆಲ್ಲ ಪ್ರೈಮರ್ ಬೀಳುವ ತನಕ ಸಂತೆಯೇ. ಬಿದ್ದ ಕ್ಷಣ ಹಡಗು. ಬಿಟ್ಟ ಸಂದುಗಳೂ ಆಗಲೇ ಎದ್ದು ಕಾಣುವುದು. ಮಳೆಯ ದಿನ ಸ್ಪ್ರೇ ಮಾಡಿದರೆ ತೇವ ಸೇರಿ ಬಣ್ಣ ಬಿಳಚಿಕೊಳ್ಳುತ್ತದೆ. ದಸರಾ ಹೊತ್ತಿಗೆ ಮುಗಿಸಬೇಕೆಂದವರು ಬಿಸಿಲಿರುವ ಮಧ್ಯಾಹ್ನಕ್ಕೆ ಕಾಯಬೇಕು. ಹಿಂಗೋಟಿನ ಹೆಸರು ಚಿಕ್ಕದಿರಲಿ. 30 ಸೆಂಟಿಮೀಟರ್ ಅಕ್ಷರ ಇಲ್ಲಿ 0.4 ಮಿ.ಮೀ.; ‘ಕಬಿನಿ’ ಹೇಗೋ ಬರೆಯಬಹುದು, ‘ಲಕ್ಷ್ಮಣತೀರ್ಥ’ ಎಂದು ಹೆಸರಿಟ್ಟವರು ಒತ್ತಕ್ಷರದಲ್ಲೇ ಮುಳುಗುತ್ತಾರೆ.

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಹಡಗಿಗೂ ಒಂದು ಮೆಟ್ಟಿಲು ಕೇಳುವವರಿದ್ದಾರೆ. ಕೊಡಬಹುದು, ಆದರೆ ಶೆಟ್ಟಿ-ಶೆಟ್ಟಮ್ಮರ ಪಕ್ಕ ಬೇಡ: ಹತ್ತು ಸೆಂಟಿಮೀಟರಿನ ಶೆಟ್ಟಿ ಈ ಅಳತೆಯಲ್ಲಿ 70 ಮೀಟರಿನ ಆಸಾಮಿ, ಕಂಬಕ್ಕಿಂತ ಎತ್ತರ. ಆರತಿಯಿಂದಲೂ ದೂರವಿಡಿ. ಡೆಕ್ಕಿನ ಮೇಲೆ ಕುಂಕುಮ ಬಿದ್ದರೆ ಮೆತ್ತನೆಯ ಒಣ ಬ್ರಷ್ಷಿನಿಂದ ಹಿಂಗೋಟಿನ ಕಡೆಗೆ ಗುಡಿಸಬೇಕು. ಒದ್ದೆ ಬಟ್ಟೆ ಮುಟ್ಟಿಸಿದಿರೋ, ಮ್ಯಾಟ್ ಬಣ್ಣದೊಳಗೆ ಕೆಂಪು ಇಳಿದು ಯುದ್ಧನೌಕೆ ಗುಲಾಬಿಯಾಗುತ್ತದೆ, ಮತ್ತೆ ಪ್ರೈಮರಿನಿಂದ ಶುರು.