ಮಗುವಿಗೆ ಫಿಟ್ಸ್ ಬಂದರೆ ಜೀನ್ ಪರೀಕ್ಷೆ ಮೊದಲೇ ಬೇಕೆ?

ಪರ: ಹೆಸರು ಸಿಕ್ಕಿತು, ಮಾತ್ರೆ ಬದಲಾಯಿತು

ಮಗಳಿಗೆ ಆಗ ಐದು ತಿಂಗಳು. ಮೂರನೇ ಚುಚ್ಚುಮದ್ದು ಸ್ವಲ್ಪ ತಡವಾಗಿತ್ತು. ಹಾಕಿಸಿಕೊಂಡು ಬಂದ ರಾತ್ರಿ ಮೈ ಕಾದ ಹೆಂಚಿನ ಹಾಗಾಯಿತು. ಸ್ವಲ್ಪ ಹೊತ್ತಿಗೆ ಎಡಗೈ, ಎಡಗಾಲು ಮಾತ್ರ ಅದುರಲು ಶುರು. ಅತ್ತೆ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಪಕ್ಕದ ಮನೆಯವರು ಬೀಗದ ಕೈ ತಂದು ಪುಟ್ಟ ಮುಷ್ಟಿಗೆ ತುರುಕಿದರು. ಆಟೋ ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಇಪ್ಪತ್ತು ನಿಮಿಷ ದಾಟಿತ್ತು, ಇನ್ನೂ ಅದುರುತ್ತಲೇ ಇತ್ತು.

"ಜ್ವರದ ಫಿಟ್ಸ್, ದೊಡ್ಡವಳಾದ ಮೇಲೆ ಹೋಗುತ್ತೆ" ಅಂತ ಕಳಿಸಿದರು. ಎರಡು ತಿಂಗಳಿಗೆ ಮತ್ತೆ ಬಂತು. ಈ ಸಲ ಬಲಗಡೆ. ಎಂಆರ್‌ಐ ಮಾಡಿದರು, ನಾರ್ಮಲ್. ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿ, ಅದೂ ನಾರ್ಮಲ್. ಕಾರ್ಬಮಜೆಪೈನ್ ಎಂಬ ಫಿಟ್ಸಿನ ಸಿರಪ್ ಶುರುವಾಯಿತು. ತಿಂಗಳಿಗೊಮ್ಮೆ ಬರುತ್ತಿದ್ದದ್ದು ವಾರಕ್ಕೊಮ್ಮೆ ಆಯಿತು. ಡೋಸ್ ಏರಿಸಿದರು. ಇನ್ನೂ ಜಾಸ್ತಿ ಆಯಿತು. ನಾನು ಗಡಿಯಾರ ನೋಡಿಕೊಂಡು, ಒಂದು ಹನಿ ಚೆಲ್ಲದ ಹಾಗೆ ಕುಡಿಸುತ್ತಿದ್ದೆ. ಅದೇ ಔಷಧಿ ಅವಳಿಗೆ ಆಗದ್ದು ಅಂತ ಗೊತ್ತಾಗಿದ್ದು ಒಂದೂವರೆ ವರ್ಷದ ಮೇಲೆ, ಬೇರೆ ಡಾಕ್ಟರು ರಕ್ತ ತೆಗೆದು ಎಕ್ಸೋಮ್ ಪರೀಕ್ಷೆಗೆ (ಜೀನ್‌ಗಳಲ್ಲಿ ಪ್ರೋಟೀನ್ ಕಟ್ಟುವ ಭಾಗಗಳನ್ನು ಒಟ್ಟಿಗೆ ಓದುವ ಪರೀಕ್ಷೆ) ಕಳಿಸಿದಾಗ.

ಅವಳದ್ದು ಡ್ರಾವೆಟ್ ಸಿಂಡ್ರೋಮ್. ಶಾರ್ಲೆಟ್ ಡ್ರಾವೆಟ್ ಎಂಬ ಫ್ರಾನ್ಸಿನ ವೈದ್ಯೆ 1978ರಲ್ಲೇ ಇದನ್ನು ಗುರುತಿಸಿದ್ದರು. ಕಾರಣ ತಿಳಿದಿದ್ದು 2001ರಲ್ಲಿ. ಇಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಜನರಲ್ಲಿ ಎಸ್‌ಸಿಎನ್1ಎ ಎಂಬ ಒಂದೇ ಜೀನ್ ಕೆಟ್ಟಿರುತ್ತದೆ. ನರಕೋಶದೊಳಗೆ ಸೋಡಿಯಂ ಬಿಡುವ ಬಾಗಿಲು ಕಟ್ಟುವುದು ಅದರ ಕೆಲಸ. ಆ ಬಾಗಿಲು ಹೆಚ್ಚಾಗಿ ಬೇಕಾಗಿರುವುದು ಬೇರೆ ನರಕೋಶಗಳ ಅಬ್ಬರ ತಡೆಯುವ ಮಿದುಳಿನ 'ಬ್ರೇಕ್' ಕೋಶಗಳಿಗೆ. ಕಾರ್ಬಮಜೆಪೈನ್ ಮಾಡುವುದೇನು? ಸೋಡಿಯಂ ಬಾಗಿಲು ಮುಚ್ಚುವುದು. ಮೊದಲೇ ಬ್ರೇಕ್ ಸಡಿಲ, ಅದರ ಮೇಲೆ ನಾವು ದಿನಾ ಎರಡು ಹೊತ್ತು ಅದನ್ನೇ ಇನ್ನಷ್ಟು ಸಡಿಲ ಮಾಡುತ್ತಿದ್ದೆವು.

ಇನ್ನೊಂದು ಜೀನ್ ಕೆಸಿಎನ್‌ಕ್ಯೂ2. ಹುಟ್ಟಿದ ವಾರದಲ್ಲೇ ಫಿಟ್ಸ್ ಬರುವ ಕೆಲವು ಕೂಸುಗಳಲ್ಲಿ ಅದು ಕೆಟ್ಟಿರುತ್ತದೆ. ಅವಕ್ಕೆ ಒಳ್ಳೆಯ ಔಷಧಿ ಇದೇ ಕಾರ್ಬಮಜೆಪೈನ್! ನನ್ನ ಮಗಳಿಗೆ ಈಗ ಕೊಡುತ್ತಿರುವ ವಾಲ್ಪ್ರೊಯೇಟ್, ಪಿಒಎಲ್‌ಜಿ ಎಂಬ ಜೀನ್ ಕೆಟ್ಟ ಮಗುವಿನ ಲಿವರನ್ನೇ ತೆಗೆದುಬಿಡಬಹುದು. ಗ್ಲೂಟ್1 ಎಂಬ ಇನ್ನೊಂದು ಜೀನ್ ತೊಂದರೆಯಲ್ಲಿ ಸಕ್ಕರೆ ಮಿದುಳಿಗೆ ಸರಿಯಾಗಿ ಹೋಗುವುದಿಲ್ಲ. ಅಲ್ಲಿ ಮುಖ್ಯ ಮದ್ದು ಮಾತ್ರೆಯಲ್ಲ, ಊಟ. ಅನ್ನ, ಮುದ್ದೆ ತೀರಾ ಕಡಿಮೆ ಮಾಡಿ, ತುಪ್ಪ, ಬೆಣ್ಣೆ, ಎಣ್ಣೆಯನ್ನು ತೂಕ ಹಾಕಿ ಕೊಡುವ ಕೀಟೋ ಪಥ್ಯ. ಹೊರಗಿನಿಂದ ನೋಡಿದರೆ ಎಲ್ಲವೂ ಫಿಟ್ಸೇ. ಕುರುಡಾಗಿ ಒಂದಾದ ಮೇಲೊಂದು ಮಾತ್ರೆ ಹಾಕಿ ನೋಡುವುದಕ್ಕೆ ಮಗುವಿನ ಮಿದುಳೇನು ಪ್ರಯೋಗಶಾಲೆಯಾ?

2022ರಲ್ಲಿ ಅಮೆರಿಕದ ಜೆನೆಟಿಕ್ ಕೌನ್ಸೆಲರ್‌ಗಳ ಸಂಘ ಹೊರತಂದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಕಾರಣ ತಿಳಿಯದ ಮೂರ್ಛೆ ರೋಗಕ್ಕೆ ಎಕ್ಸೋಮ್ ಅಥವಾ ಪೂರ್ತಿ ಜೀನೋಮ್ (ಇಡೀ ಡಿಎನ್ಎ ಓದುವ) ಪರೀಕ್ಷೆಯನ್ನು ಮೊದಲ ಹಂತದಲ್ಲೇ ಮಾಡಿ, ಕೊನೆಗೆ ಇಡಬೇಡಿ ಅಂತ.

ದುಡ್ಡು? ಖಾಸಗಿ ಲ್ಯಾಬಿನಲ್ಲಿ ಎಕ್ಸೋಮ್‌ಗೆ ಇಪ್ಪತ್ತು ಸಾವಿರದ ಆಸುಪಾಸು ಆಗುತ್ತದೆ. ಅದಕ್ಕೂ ಮೊದಲು ನಾವು ಐಸಿಯುಗೆ ಕಟ್ಟಿದ್ದನ್ನು ನಾನು ಲೆಕ್ಕ ಹಾಕಲು ಹೋಗಿಲ್ಲ.

ಇನ್ನೊಂದು ಮಾತು. ನಮ್ಮದು ಸೋದರಮಾವನ ಜೊತೆ ಆದ ಮದುವೆ. ಅದಕ್ಕೇ ಹೀಗಾಯಿತು ಅಂತ ಒಬ್ಬರು, ಬಸುರಿಯಲ್ಲಿ ಗ್ರಹಣ ನೋಡಿದ್ದಳು ಅಂತ ಇನ್ನೊಬ್ಬರು. ರಿಪೋರ್ಟ್ ಬಂದ ಮೇಲೆ ನಮ್ಮಿಬ್ಬರ ರಕ್ತವನ್ನೂ ನೋಡಿದರು. ಆ ಬದಲಾವಣೆ ನಮ್ಮಿಬ್ಬರಲ್ಲೂ ಇರಲಿಲ್ಲ. ಅವಳಲ್ಲೇ ಹೊಸದಾಗಿ ಆಗಿದ್ದು. ಡ್ರಾವೆಟ್‌ನಲ್ಲಿ ಬಹುಪಾಲು ಹಾಗೆಯೇ ಅಂತೆ. ಚುಚ್ಚುಮದ್ದಿನ ಮೇಲೆ ಹಾಕಿದ್ದ ತಪ್ಪೂ ನಿಲ್ಲಲಿಲ್ಲ. 'ಲಸಿಕೆಯಿಂದ ಮಿದುಳು ಕೆಟ್ಟಿತು' ಎಂದು ಬರೆಸಿಕೊಂಡಿದ್ದ 14 ಜನರನ್ನು ಆಸ್ಟ್ರೇಲಿಯಾದ ವೈದ್ಯರು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. 11 ಜನರಲ್ಲಿ ಇದೇ ಎಸ್‌ಸಿಎನ್1ಎ ಕೆಟ್ಟಿತ್ತು. ಲಸಿಕೆಯಿಂದ ಬಂದ ಜ್ವರ ಕಾಯಿಲೆಯನ್ನು ಹೊರಗೆಳೆಯಿತು, ಅಷ್ಟೇ.

ಮಗಳಿಗೆ ಈಗಲೂ ಫಿಟ್ಸ್ ಬರುತ್ತದೆ. ಆದರೆ ವಾರಕ್ಕೊಮ್ಮೆ ಅಲ್ಲ. ಅತ್ತೆ ಈಗ ಗ್ರಹಣದ ಮಾತು ಎತ್ತುವುದಿಲ್ಲ.

ವಿರೋಧ: ಮೊದಲು ಕತೆ ಕೇಳಿ, ಆಮೇಲೆ ರಕ್ತ ತೆಗೆಯಿರಿ

ಆ ತಾಯಿಯ ಮಾತಿಗೆ ಎದುರಾಡಲು ಬಾಯಿ ಬರುವುದಿಲ್ಲ. ಆದರೂ ತಾಲ್ಲೂಕು ಊರಿನಲ್ಲಿ ಮಕ್ಕಳ ಡಾಕ್ಟರಾಗಿ ನಾನು ಕಂಡದ್ದನ್ನು ಹೇಳಬೇಕು.

ಹಳೇ ಮೈಸೂರು ಕಡೆಯ ಬಚ್ಚಲು ನೆನಪಿಸಿಕೊಳ್ಳಿ. ಹಂಡೆಯಲ್ಲಿ ನೀರು ಕುದಿಯುತ್ತಿದೆ. ಹುಡುಗನನ್ನು ಕೂರಿಸಿ, ಎಣ್ಣೆ ಹಚ್ಚಿದ ತಲೆಗೆ ಅಜ್ಜಿ ಚೊಂಬಿನ ಮೇಲೆ ಚೊಂಬು ಬಿಸಿನೀರು ಹುಯ್ಯುತ್ತಾರೆ. ನಾಲ್ಕನೆಯದೋ ಐದನೆಯದೋ ಚೊಂಬಿಗೆ ಹುಡುಗ ಸುಮ್ಮನಾಗುತ್ತಾನೆ. ಕಣ್ಣು ಎಲ್ಲೋ ನೆಡುತ್ತದೆ, ಏನೋ ಗೊಣಗುತ್ತಾನೆ. "ದೆವ್ವ ಮೆಟ್ಟಿಕೊಂಡಿದೆ" ಅಂತ ಅಜ್ಜಿ ಇನ್ನೊಂದು ಚೊಂಬು ಹುಯ್ಯುತ್ತಾರೆ. ಇದು ಬಿಸಿನೀರಿನ ಮೂರ್ಛೆ. ಜಗತ್ತಿನ ಬೇರೆ ಕಡೆ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಮಾಮೂಲು. ಚಾಮರಾಜನಗರ ಜಿಲ್ಲೆಯ ಯಳಂದೂರಿನ ಸಮೀಕ್ಷೆಯಲ್ಲೂ ಸಿಕ್ಕಿತ್ತು, ನಿಮ್ಹಾನ್ಸ್‌ನವರೂ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಕೆಲವು ಮನೆತನಗಳಲ್ಲಿ ನಾಲ್ಕಾರು ಜನಕ್ಕೆ ಇರುವುದರಿಂದ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ವಿಜ್ಞಾನಿಗಳು ಇದರ ಜೀನ್ ಕೂಡ ಹುಡುಕಿದ್ದಾರೆ. ಒಳ್ಳೆಯ ಕೆಲಸ. ಆದರೆ ನನ್ನ ಎದುರು ಕೂತ ಹುಡುಗನಿಗೆ ಬೇಕಾದ ಮದ್ದು ಉಗುರು ಬೆಚ್ಚಗಿನ ನೀರು. ಅದಕ್ಕೂ ಬಗ್ಗದಿದ್ದರೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಒಂದು ಕ್ಲೋಬಜಾಮ್ ಮಾತ್ರೆ. ಹೆಚ್ಚಿನವರಿಗೆ ಇಷ್ಟೇ ಸಾಕು. ಇದನ್ನು ಪತ್ತೆ ಮಾಡಲು ಬೇಕಿರುವುದು "ಯಾವಾಗ ಬಂತಮ್ಮ?" ಎಂಬ ಒಂದು ಪ್ರಶ್ನೆ.

ಡ್ರಾವೆಟ್ ಮಕ್ಕಳಿಗೂ ಬಿಸಿನೀರು ಆಗುವುದಿಲ್ಲ, ನಿಜ. ಎರಡನ್ನೂ ಬೇರೆ ಮಾಡುವುದೂ ಕತೆಯೇ. ಎಷ್ಟು ತಿಂಗಳಿಗೆ ಶುರುವಾಯಿತು, ಎಷ್ಟು ಹೊತ್ತು ಇತ್ತು, ಮಾತು ನಡಿಗೆ ಹೇಗಿದೆ. ಐದು ತಿಂಗಳ ಕೂಸಿಗೆ ಜ್ವರದಲ್ಲಿ ಒಂದು ಮಗ್ಗುಲು ಇಪ್ಪತ್ತು ನಿಮಿಷ ಅದುರಿ, ಆಮೇಲೆ ಇನ್ನೊಂದು ಮಗ್ಗುಲಿಗೆ ಬಂದರೆ, ತಿಳಿದ ಡಾಕ್ಟರು ರಿಪೋರ್ಟಿಗೆ ಕಾಯದೆ ಅವತ್ತೇ ಕಾರ್ಬಮಜೆಪೈನ್ ಬೇಡ ಅನ್ನಬೇಕು. ಆ ಮನೆಯಲ್ಲಿ ತಪ್ಪಿದ್ದು ಇದು. ಪರೀಕ್ಷೆ ತಡವಾದದ್ದಕ್ಕಿಂತ ಯಾರೂ ಕೂತು ಕೇಳದೇ ಹೋದದ್ದು ದೊಡ್ಡ ತಪ್ಪು. ಎಕ್ಸೋಮ್ ರಿಪೋರ್ಟ್ ಬರಲು ವಾರಗಟ್ಟಲೆ ಬೇಕು. ವಿಟಮಿನ್ ಬಿ6 ಕೊರತೆಯ ಫಿಟ್ಸ್ ಇರಬಹುದು ಅನಿಸಿದರೆ ಆ ವಿಟಮಿನ್ ಕೊಟ್ಟೇ ನೋಡುತ್ತೇವೆ. ಗ್ಲೂಟ್1 ಅನುಮಾನಕ್ಕೆ ಬೆನ್ನುಹುರಿಯ ನೀರಿನಲ್ಲಿ ಸಕ್ಕರೆ ಎಷ್ಟಿದೆ ಅಂತ ನೋಡಿದರೆ ಸುಳಿವು ಸಿಗುತ್ತದೆ.

ಇನ್ನು ನಮ್ಮಲ್ಲಿ ಬರುವ ಎಷ್ಟೋ ಫಿಟ್ಸಿಗೂ ಜೀನಿಗೂ ಸಂಬಂಧವೇ ಇಲ್ಲ. ಲಾಡಿಹುಳುವಿನ ಮರಿ ಮಿದುಳಿನಲ್ಲಿ ಕೂತು ಗಂಟಾಗಿರುತ್ತದೆ, ಸ್ಕ್ಯಾನ್‌ನಲ್ಲಿ ಚುಕ್ಕೆಯಂತೆ ಕಾಣುತ್ತದೆ. ಹೆರಿಗೆಯಲ್ಲಿ ಉಸಿರು ಕಟ್ಟಿರುತ್ತದೆ. ಹುಟ್ಟಿದ ಎರಡು ದಿನ ಎದೆಹಾಲು ಸರಿಯಾಗಿ ಸಿಗದೆ ಸಕ್ಕರೆ ಇಳಿದು ಮಿದುಳಿಗೆ ಪೆಟ್ಟಾಗಿರುತ್ತದೆ. ಇದನ್ನೆಲ್ಲ ನೋಡದೆ ಮೊದಲೇ ಜೀನ್ ಪ್ಯಾಕೇಜ್ ಬರೆಯುವ ಚಾಳಿ ಶುರುವಾಗಿದೆ.

ಅದೇ 2022ರ ಮಾರ್ಗಸೂಚಿಯ ಇನ್ನೊಂದು ಮುಖ ನೋಡಿ. ಎಕ್ಸೋಮ್ ಮಾಡಿಸಿದ ನೂರರಲ್ಲಿ ಉತ್ತರ ಸಿಕ್ಕಿದ್ದು ಸುಮಾರು 24 ಜನಕ್ಕೆ, ಪೂರ್ತಿ ಜೀನೋಮ್‌ನಲ್ಲಿ 48. ಉತ್ತರ ಸಿಕ್ಕಿದವರಲ್ಲೂ ಎಲ್ಲರಿಗೆ ಮಾತ್ರೆ ಬದಲಾಗುವುದಿಲ್ಲ. ಉಳಿದವರಲ್ಲಿ ಕೆಲವರ ರಿಪೋರ್ಟಿನಲ್ಲಿ ಒಂದು ಸಾಲು ಇರುತ್ತದೆ: ಬದಲಾವಣೆ ಕಂಡಿದೆ, ಅದರ ಅರ್ಥ ಖಚಿತವಿಲ್ಲ. ಇಂಗ್ಲಿಷಿನ ಆ ಪಿಡಿಎಫ್ ವಾಟ್ಸಾಪಿನಲ್ಲಿ ಬಂದುಬಿಡುತ್ತದೆ. ಅಪ್ಪ ಅದನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿ, "ಇದು ಒಳ್ಳೇದಾ ಕೆಟ್ಟದ್ದಾ ಸಾರ್?" ಅನ್ನುತ್ತಾನೆ. ನನಗೂ ಗೊತ್ತಿರುವುದಿಲ್ಲ. ನಮ್ಮ ಜನರಲ್ಲಿ ಯಾವ ಬದಲಾವಣೆ ಸಾಮಾನ್ಯ ಎಂದು ತಿಳಿಯಲು ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾದ ಮಾಹಿತಿ ಸಂಶೋಧಕರಿಗೆ ತೆರೆದದ್ದೇ 2025ರ ಜನವರಿಯಲ್ಲಿ. ಅದಕ್ಕೂ ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರವೇ ಮುಂದಾಳು.

ಆಮೇಲೆ ಮದುವೆ ಮಾತು. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗ ಮದುವೆಗೆ ಅಡ್ಡಿ ಎಂಬ ಸಾಲು 1999ರವರೆಗೂ ಇತ್ತು. ಕಾಗದದಿಂದ ತೆಗೆದರು, ಬಾಯಿಂದ ಹೋಗಲಿಲ್ಲ. 'ವಂಶದಲ್ಲಿ ಇದೆ' ಎಂಬ ಚೀಟಿ ಮನೆಗೆ ಬಂದರೆ ಆ ಮಗುವಿನ ಅಕ್ಕನ ಸಂಬಂಧ ತಪ್ಪುತ್ತದೆ. ಜೀನ್ ನೋಡಿ ಕೆಲಸ, ಆರೋಗ್ಯ ವಿಮೆ ನಿರಾಕರಿಸಬಾರದು ಎಂದು ಅಮೆರಿಕದವರು 2008ರಲ್ಲೇ ಕಾನೂನು ಮಾಡಿಕೊಂಡರು. ನಮ್ಮಲ್ಲಿ ಅಂಥದ್ದೊಂದು ಪ್ರತ್ಯೇಕ ಕಾನೂನು ಇಲ್ಲ.

ಎರಡು ಮಾತ್ರೆಗೂ ಜಗ್ಗದ ಫಿಟ್ಸ್, ಹುಟ್ಟಿದ ವರ್ಷದೊಳಗೆ ಶುರುವಾದದ್ದು, ಕಲಿತ ಮಾತು ಮರೆಯುತ್ತಿರುವ ಮಗು: ಇಂಥವರಿಗೆ ನಾನೇ ಪರೀಕ್ಷೆ ಬರೆದುಕೊಡುತ್ತೇನೆ. ಉಳಿದವರಿಗೆ ಪೆನ್ನು ಎತ್ತುವ ಮುಂಚೆ ಒಂದು ಮಾತು ಕೇಳುತ್ತೇನೆ. ಮನೆಯಲ್ಲಿ ಮಾತ್ರೆ ಎಷ್ಟು ದಿನಕ್ಕಿದೆ? ಮೊನ್ನೆ ಬಂದ ತಾಯಿ ಸೆರಗಿನ ಗಂಟು ಬಿಚ್ಚಿ ಸ್ಟ್ರಿಪ್ ತೋರಿಸಿದಳು. ಮೂರು ಮಾತ್ರೆ ಉಳಿದಿತ್ತು. ದುಡ್ಡು ಸಾಲದೆ ಎರಡು ಹೊತ್ತಿನದನ್ನು ಒಂದು ಹೊತ್ತು ಮಾಡಿದ್ದಳು. ಅವಳ ಕೈಚೀಲದಲ್ಲಿ ಬೇರೆ ಯಾರೋ ಬರೆದುಕೊಟ್ಟ ಎಕ್ಸೋಮ್ ಚೀಟಿಯೂ ಇತ್ತು.