ಕೈ ಸರಿಯಿಲ್ಲವಂತೆ!

ನಿನ್ನೆ ಗೃಹಪ್ರವೇಶದ ಊಟಕ್ಕೆ ಹೋಗಿ, ಹೊಟ್ಟೆ ತುಂಬಾ ಹೋಳಿಗೆ, ತಲೆ ತುಂಬಾ ಸಿಟ್ಟು ತುಂಬಿಕೊಂಡು ಬಂದಿದ್ದೇನೆ. ನನ್ನ ಚಿತ್ರದ ಹುಚ್ಚು ನಿಮಗೆ ಗೊತ್ತಿರುವುದೇ. ಇಷ್ಟು ದಿನ ಸಹಿಸಿದ್ದೀರಿ, ಇದನ್ನೂ ಸಹಿಸಿಕೊಳ್ಳಿ.

ಹೊಸ ಮನೆಯ ಹಾಲ್‌ನಲ್ಲಿ ಏಳು ಬಿಳಿ ಕುದುರೆಗಳು. ವಾಸ್ತು ಪ್ರಕಾರ ಓಡುತ್ತಿವೆ. "ಹೇಗಿದೆ? ಫೋಟೋ ಥರಾನೇ ಇದೆ ಅಲ್ವಾ?" ಅಂದರು ಭಾವ. ನಾನು ಸುಮ್ಮನಿರಬೇಕಿತ್ತು. ಬಾಯಿ ಕೇಳಬೇಕಲ್ಲ! "ಇಟಲಿಯಲ್ಲಿ ಅಲಿಜಿ ಸಸ್ಸು ಅಂತ ಒಬ್ಬ ಕಲಾವಿದರಿದ್ದರು ಭಾವ, ಕುದುರೆ ಅಂದರೆ ಅವರದ್ದು" ಎಂದು ಮೊಬೈಲ್ ತೆಗೆದೆ.

ಕುದುರೆಗಳನ್ನು ನೋಡಿದರು. ಕೆಂಪು ಯಾಕೆ ಅಂದರು. ಪಿಂಗಾಣಿ ಕುದುರೆ ಮಾತ್ರ ಪಾಸಾಯಿತು, ಷೋಕೇಸಿಗೆ ಚೆನ್ನಾಗಿರುತ್ತಂತೆ. ಅಷ್ಟಕ್ಕೇ ಬಿಡದೆ, ಸಸ್ಸು ಜೈಲಿನಲ್ಲಿ ಶಾಯಿಯಲ್ಲಿ ಬರೆದ ಒಬ್ಬ ಮನುಷ್ಯನ ಚಿತ್ರ ತೋರಿಸಿದೆ. ಗೀಚಿದಂತಿರುವ ನಾಲ್ಕು ಗೆರೆ. ಭುಜ ಒಂದು ಕಡೆ, ಕೈ ಇನ್ನೊಂದು ಕಡೆ.

"ಕೈ ಸರಿಯಿಲ್ಲ ಕಣಮ್ಮಾ. ನಮ್ಮ ಪುಟ್ಟ ಇದಕ್ಕಿಂತ ಚೆನ್ನಾಗಿ ಬರೀತಾನೆ."

ಪುಟ್ಟ ಚೆನ್ನಾಗೇ ಬರೆಯುತ್ತಾನೆ, ಮೂಗು ಮುರಿಯುತ್ತಿಲ್ಲ. ಆದರೆ ಕೈ ಸರಿಯಿಲ್ಲವಂತೆ! ಸಸ್ಸು ಹುಟ್ಟಿದ್ದು 1912ರಲ್ಲಿ, ಮಿಲಾನಿನಲ್ಲಿ. 1928ರ ವೆನಿಸ್ ಬಿಯನಾಲೆ ಎಂಬ ದೊಡ್ಡ ಕಲಾ ಪ್ರದರ್ಶನದಲ್ಲಿ ಇವರ ಚಿತ್ರಗಳಿದ್ದವು. ಲೆಕ್ಕ ಹಾಕಿ, ಹದಿನಾರು ವರ್ಷ! ಆ ವಯಸ್ಸಿಗೆ ನಾನು ಡ್ರಾಯಿಂಗ್ ಲೋಯರ್ ಪರೀಕ್ಷೆಗೆ ಹೂಜಿ ಬರೆದು ರಬ್ಬರಿನಲ್ಲಿ ಹಾಳೆ ತೂತು ಮಾಡುತ್ತಿದ್ದೆ. ಈ ಮನುಷ್ಯನಿಗೆ ಕೈ ಬರೆಯಲು ಬರುತ್ತಿರಲಿಲ್ಲವೇ?

1937ರಲ್ಲಿ ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಪೊಲೀಸರು ಹಿಡಿದರು. ಆಗ ಅಂತರ್ಯುದ್ಧದಲ್ಲಿದ್ದ ಸ್ಪೇನಿನ ರಿಪಬ್ಲಿಕ್ ಸರ್ಕಾರದ ಪರವಾಗಿ ಕರಪತ್ರ ಮಾಡಿದ್ದೇ ತಪ್ಪು. ಹತ್ತು ವರ್ಷ ಶಿಕ್ಷೆ. ಕ್ಷಮಾದಾನ ಸಿಕ್ಕಿ 1938ರಲ್ಲಿ ಹೊರಬಂದರು ಅನ್ನಿ. ಆದರೆ ಒಳಗೆ ಕೂತು ಬರೆಯುವಾಗ ಅದು ಗೊತ್ತಿತ್ತೇ? ಮುಂದೆ ಹತ್ತು ವರ್ಷ ಇದೇ ಗೋಡೆ ಎಂದುಕೊಂಡು ಕೂತವನು ಭುಜದ ಅಳತೆ ಹಿಡಿದು, ಶೇಡಿಂಗ್ ಕೊಟ್ಟು ಬರೆಯಬೇಕಿತ್ತೇ? ಗೆರೆ ಎಲ್ಲಿ ದಪ್ಪವಾಗಿದೆ ನೋಡಿ. ಅಲ್ಲಿ ಕೈ ಒತ್ತಿದೆ. ಮುಂದೆ ಇದೇ ಕೈ ಸಮುದ್ರದ ದಡದ ಕುಂಬಾರರ ಊರು ಆಲ್ಬಿಸೋಲಾದಲ್ಲಿ ಜೇಡಿಮಣ್ಣನ್ನು ಒತ್ತಿತು. ಭಾವನಿಗೆ ಹಿಡಿಸಿದ ಕುದುರೆ ಆ ಕೈಯದ್ದೇ! ಷೋಕೇಸಿಗೆ ಬೇಕು, ಕಾಗದದ ಮೇಲೆ ಬೇಡ.

1944ರ ಆಗಸ್ಟ್ 10ರಂದು ಮಿಲಾನಿನ ಲೊರೆಟೊ ಚೌಕದಲ್ಲಿ ಮುಸೊಲಿನಿ ಕಡೆಯ ಫ್ಯಾಸಿಸ್ಟರು 15 ಜನರನ್ನು ಗುಂಡಿಟ್ಟು ಕೊಂದು, ಬೇಸಿಗೆಯ ಬಿಸಿಲಲ್ಲಿ ಹೆಣಗಳನ್ನು ಬೀದಿಯಲ್ಲೇ ಬಿಟ್ಟರು. ಸಸ್ಸು ಅದನ್ನು ಕಂಡು ಬರೆದರು. ಆ ಚಿತ್ರದಲ್ಲಿ ಯಾರ ಕೈ ಸರಿಯಿದೆ ಎಂದು ಹುಡುಕೋಣ?

"ಕಥೆ ಹೇಳಿದರೆ ಯಾವ ಗೀಚೂ ದೊಡ್ಡದಾಗಿ ಕಾಣುತ್ತೆ, ಕಥೆ ಬಿಟ್ಟು ನೋಡು" ಅಂದ ಪಕ್ಕದಲ್ಲಿದ್ದ ನನ್ನ ತಮ್ಮ. ಇವನದ್ದು ಯಾವಾಗಲೂ ಇದೇ. ಕಥೆ ಬೇಡವಾದರೆ ಆ ಏಳು ಕುದುರೆಗೆ ಏನು ಉಳಿಯುತ್ತೆ? ಅವು ನಿಂತಿರುವುದೇ ವಾಸ್ತುವಿನ ಕಥೆಯ ಮೇಲೆ. ಏಳರ ಬದಲು ಆರು ಇದ್ದಿದ್ದರೆ ಭಾವ ಕೊಳ್ಳುತ್ತಿದ್ದರೇ?

ಹೀಗೆ ಬಾಯಿ ಮುಚ್ಚಿಸಿದೆನೇನೋ ಹೌದು. ಆದರೆ ರಾತ್ರಿ ನಿದ್ದೆ ಬರಲಿಲ್ಲ. ನಿಜ ಹೇಳುತ್ತೇನೆ, ಮೊದಲ ಸಲ ಆ ಜೈಲಿನ ಚಿತ್ರ ಕಂಡಾಗ ನಾನೂ ಬೆರಳಿನಿಂದ ಮೇಲಕ್ಕೆ ತಳ್ಳಿದ್ದೆ. ಕೆಳಗೆ 'ಜೈಲು' ಅನ್ನೋ ಪದ ಕಣ್ಣಿಗೆ ಬಿದ್ದ ಮೇಲೆ ವಾಪಸ್ ಬಂದಿದ್ದು. ತಮ್ಮನಿಗೆ ಇದನ್ನು ಹೇಳಬೇಡಿ. ಅವನು ಫೇಸ್‌ಬುಕ್ ನೋಡುವುದಿಲ್ಲ.

ಬೆಳಿಗ್ಗೆ ಭಾವನ ಮೆಸೇಜ್ ಬಂದಿದೆ. "ಆ ಇಟಲಿಯವರು ಏಳು ಕುದುರೆ ಒಟ್ಟಿಗೆ ಬರೆದಿದ್ದರೆ ಕಳಿಸಮ್ಮಾ. ಬಿಳಿ ಇರಲಿ."