ಸತ್ಯಾಂಶ: ಹೊಲದಲ್ಲಿ ಒಂಟಿಯಾಗಿ ಕೂತ ಮೊಲದ ಮರಿ ಅನಾಥವೇ?

ಪಾವಗಡ, ಶಿರಾ ಕಡೆ ಕಡ್ಲೆಕಾಯಿ ಕೀಳುವ ಹೊತ್ತಿಗೆ ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಸುತ್ತುತ್ತದೆ: 'ಮೊಲದ ಮರಿ ಒಂಟಿಯಾಗಿ ಕಂಡರೆ ತಾಯಿ ಬಿಟ್ಟುಹೋಗಿದೆ ಎಂದರ್ಥ. ಮನೆಗೆ ತಂದು ಹಸುವಿನ ಹಾಲು ಕುಡಿಸಿ ಸಾಕಿ.'

ಉದ್ದೇಶವೇನೋ ಒಳ್ಳೆಯದೇ, ಮಾಹಿತಿ ತಪ್ಪು.

ನಮ್ಮ ಹೊಲಗಳ ಕಾಡುಮೊಲ, ಕತ್ತಿನ ಹಿಂದೆ ಕಪ್ಪು ಮಚ್ಚೆ ಇರುವಂಥದ್ದು, ಬಿಲ ತೋಡುವುದಿಲ್ಲ. ಹುಲ್ಲಿನ ಬುಡದಲ್ಲೋ ಬದುವಿನ ಪಕ್ಕದಲ್ಲೋ ಮರಿ ಹಾಕುತ್ತದೆ. ಮರಿಗೆ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣೂ ತೆರೆದಿರುತ್ತದೆ. ತಾಯಿ ಹಗಲೆಲ್ಲ ದೂರವೇ ಉಳಿಯುತ್ತದೆ. ತನ್ನ ಜಾಡು ಹಿಡಿದು ನರಿ, ನಾಯಿ ಬರಬಾರದಲ್ಲ! ಕತ್ತಲಾದ ಮೇಲೆ ಬಂದು ಕೆಲವೇ ನಿಮಿಷ ಹಾಲೂಡಿಸಿ ಹೊರಟುಬಿಡುತ್ತದೆ. ಕಿವಿಯನ್ನು ಬೆನ್ನಿಗೆ ಅಂಟಿಸಿ ಅಲ್ಲಾಡದೆ ಕೂತ ಮರಿ ಅಡಗಿ ಕೂತಿದೆ, ಅಷ್ಟೆ.

ಹಸುವಿನ ಹಾಲು ಅದಕ್ಕೆ ಒಗ್ಗದೆ ಭೇದಿಯಾಗಿ ಸಾಯಬಹುದು. ಪೇಟೆಯಲ್ಲಿ ಮಾರುವ ಬಿಳಿ ಮೊಲದಂತೆ ಇದನ್ನೂ ಸಾಕಬಹುದು ಎಂದುಕೊಳ್ಳಬೇಡಿ; ಅದು ಯುರೋಪ್ ಮೂಲದ ಬೇರೆಯೇ ಪ್ರಭೇದ. ಜೊತೆಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲವನ್ನು ಹಿಡಿಯುವುದೂ ಬೇಟೆಯೇ.

ಟ್ರ್ಯಾಕ್ಟರ್ ಹಾಯುವ ಸಾಲಿನಲ್ಲಿದ್ದರೆ ಒಂದು ಹಿಡಿ ಹುಲ್ಲಿನ ಸಮೇತ ಎತ್ತಿ ಹತ್ತಿರದ ಬದುವಿನ ಮರೆಗಿಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎನ್ನುವುದೂ ಅಂತೆಕಂತೆಯೇ. ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.